ಮುರಿದ ಹಲ್ಲಿಗೆ ಹಚ್ಚಿದ ಬಾಂಡಿಂಗ್ ಎರಡು ಸಲವೂ ಬಿದ್ದುಹೋಯಿತು, ಆರು ಹಲ್ಲಿಗೂ ಕ್ಯಾಪ್ ಹಾಕಿಸಲೇ?

ಪ್ರಶ್ನೆ: ನನಗೆ 26 ವರ್ಷ. ಪಾವಗಡ ತಾಲ್ಲೂಕಿನವಳು, ಹೊಲಿಗೆ ಕೆಲಸ ಮಾಡುತ್ತೇನೆ. ಚಿಕ್ಕಂದಿನಿಂದ ಊರಿನ ಬೋರ್‌ವೆಲ್ ನೀರು ಕುಡಿದೇ ಬೆಳೆದಿದ್ದು. ಮೇಲಿನ ಮುಂದಿನ ಹಲ್ಲುಗಳ ಮೇಲೆ ಕಂದು ಕರೆ ಇದೆ. ಒಂಬತ್ತನೇ ಕ್ಲಾಸಿನಲ್ಲಿ ಬಿದ್ದು ಎದುರಿನ ಒಂದು ಹಲ್ಲಿನ ಮೂಲೆ ಮುರಿಯಿತು. ನೋವೇನೂ ಇರಲಿಲ್ಲ, ಹಾಗೇ ಬಿಟ್ಟೆವು. ನಾಲ್ಕು ವರ್ಷದ ಹಿಂದೆ ಅದಕ್ಕೆ ಬಾಂಡಿಂಗ್ ಮಾಡಿಸಿದೆ, ಹಲ್ಲಿನ ಬಣ್ಣದ ಮುದ್ದೆ ಅಂಟಿಸಿ ಮೂಲೆ ಕಟ್ಟುತ್ತಾರಲ್ಲ, ಅದು. ಎರಡು ವರ್ಷಕ್ಕೆ ಬಿದ್ದುಹೋಯಿತು. ಮತ್ತೆ ಮಾಡಿಸಿದ್ದು ಎಂಟೇ ತಿಂಗಳಿಗೆ ಬಿತ್ತು. ಈಗ ಒಬ್ಬ ಡಾಕ್ಟರು ಇನ್ನೊಂದು ಸಲ ಬಾಂಡಿಂಗ್ ಮಾಡೋಣ ಅನ್ನುತ್ತಾರೆ. ಇನ್ನೊಬ್ಬರು, ಕರೆಯೂ ಇದೆ, ಆರು ಹಲ್ಲಿಗೂ ಕ್ಯಾಪ್ ಹಾಕಿಬಿಟ್ಟರೆ ಜೀವನಪೂರ್ತಿ ಚಿಂತೆ ಇಲ್ಲ ಅನ್ನುತ್ತಾರೆ. ಬಾಂಡಿಂಗ್‌ಗೆ ಆ್ಯಸಿಡ್ ಹಚ್ಚುತ್ತಾರಂತೆ, ಹಲ್ಲು ಸುಟ್ಟು ಸವೆದುಹೋಗುತ್ತದೆ ಅಂತ ಅಮ್ಮನಿಗೆ ಭಯ. ಮದುವೆಗೆ ಇನ್ನು ಮೂರೂವರೆ ತಿಂಗಳಿದೆ. ಏನು ಮಾಡಲಿ ಡಾಕ್ಟ್ರೇ?

ಉತ್ತರ: ನೀವು ಕೇಳಿರುವುದು ಬಾಂಡಿಂಗೋ ಕ್ಯಾಪೋ ಅಂತ. ನನಗೆ ಮೊದಲು ಬಂದ ಪ್ರಶ್ನೆ ಬೇರೆ. ಎರಡು ಸಲ ಹಚ್ಚಿದ್ದು ಎರಡು ಸಲವೂ ಯಾಕೆ ಬಿತ್ತು? ಇದು ಗೊತ್ತಾಗದೆ ಮೂರನೇ ಸಲ ಹಚ್ಚಿಸಿಕೊಂಡರೆ ಅದೂ ಬೀಳುತ್ತದೆ. ನಿಮ್ಮ ಪತ್ರದಲ್ಲೇ ಅದಕ್ಕೆ ಎರಡು ಸುಳಿವು ಸಿಕ್ಕಿವೆ. ಒಂದು ನಿಮ್ಮ ಊರಿನ ನೀರು. ಇನ್ನೊಂದು ನಿಮ್ಮ ಕೆಲಸ.

ಮದುವೆ ಹತ್ತಿರ ಇರುವುದರಿಂದ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದು ಹಲ್ಲಿನ ಮೂಲೆ ಮುರಿದಿದ್ದಕ್ಕೆ ಆರು ಹಲ್ಲು ಉಜ್ಜಿಸಿಕೊಳ್ಳಬೇಡಿ. ಕ್ಯಾಪ್ ಕೂರಿಸಬೇಕಾದರೆ ಹಲ್ಲನ್ನು ಸುತ್ತಲೂ ಉಜ್ಜಿ ಸಣ್ಣ ಗೂಟದ ಹಾಗೆ ಮಾಡಬೇಕು. ಕಣ್ಣಿಗೆ ಕಾಣುವ ಹಲ್ಲಿನ ಅರ್ಧಕ್ಕಿಂತ ಜಾಸ್ತಿ ಭಾಗ ಹೋಗುತ್ತದೆ. ಹೋದದ್ದು ಮತ್ತೆ ಬೆಳೆಯಲ್ಲ. ಒಳಗಿನ ನರಕ್ಕೂ ಪೆಟ್ಟು ಬೀಳುವ ಸಾಧ್ಯತೆ ಇದೆ, ಆಮೇಲೆ ಯಾವಾಗಲೋ ಬೇರು ಚಿಕಿತ್ಸೆ (ರೂಟ್ ಕೆನಾಲ್) ಮಾಡಿಸಬೇಕಾಗಿ ಬರಬಹುದು. ‘ಜೀವನಪೂರ್ತಿ’ ಅನ್ನುವ ಮಾತನ್ನು ಯಾವ ಕ್ಯಾಪಿಗೂ ಹೇಳಲು ಬರುವುದಿಲ್ಲ. ಹದಿನೈದೋ ಇಪ್ಪತ್ತೋ ವರ್ಷಕ್ಕೆ ಬದಲಾಯಿಸಬೇಕಾಗುತ್ತದೆ. ನಿಮಗೆ ಈಗ 26. ನಲವತ್ತೈದಕ್ಕೆ ಒಂದು ಸಲ, ಅರವತ್ತಕ್ಕೆ ಇನ್ನೊಂದು ಸಲ, ಪ್ರತಿ ಸಲವೂ ಹಲ್ಲು ಇನ್ನಷ್ಟು ಸಣ್ಣದಾಗುತ್ತದೆ. ಕ್ಯಾಪ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೇರು ಚಿಕಿತ್ಸೆ ಆಗಿ ಪೊಳ್ಳಾದ ಹಲ್ಲಿಗೆ, ಮುಕ್ಕಾಲು ಭಾಗ ಮುರಿದುಹೋದ ಹಲ್ಲಿಗೆ ಅದೇ ಸರಿ. ಗಟ್ಟಿ ಹಲ್ಲಿನ ಮೇಲಿನ ಕರೆ ಮುಚ್ಚಲು ಅದನ್ನು ಹಾಕುವುದು ನನಗೆ ಒಪ್ಪಿಗೆ ಇಲ್ಲ.

ಈಗ ನಿಮ್ಮ ಅಮ್ಮನ ಭಯದ ವಿಷಯ. ಅವರು ಕೇಳಿದ್ದು ಸುಳ್ಳಲ್ಲ, ಆ್ಯಸಿಡ್ ಹಚ್ಚುವುದು ನಿಜ. ಯಾಕೆ ಅಂತ ಹೇಳುತ್ತೇನೆ. ನುಣುಪಾದ ಗೋಡೆಗೆ ಗಾರೆ ನಿಲ್ಲುವುದಿಲ್ಲ, ಅಲ್ವಾ? ಮೇಸ್ತ್ರಿ ಮೊದಲು ಗೋಡೆಗೆ ಕಚ್ಚು ಹೊಡೆಯುತ್ತಾನೆ, ಆಮೇಲೆ ಗಾರೆ ಬಳಿಯುತ್ತಾನೆ. ಹಲ್ಲಿನ ಹೊರ ಪದರ ಎನಾಮೆಲ್ ಗಾಜಿನಷ್ಟು ನುಣುಪು. ಅದಕ್ಕೆ ಏನು ಮೆತ್ತಿದರೂ ಜಾರುತ್ತದೆ. 1955ರಲ್ಲಿ ಅಮೆರಿಕದ ಮೈಕೆಲ್ ಬ್ಯೂನೊಕೋರ್ ಅನ್ನುವ ದಂತವೈದ್ಯರು ಇದಕ್ಕೊಂದು ದಾರಿ ಕಂಡುಕೊಂಡರು. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲಿ ಅಂತ ಕಾರ್ಖಾನೆಗಳಲ್ಲಿ ಮೊದಲು ಫಾಸ್ಫಾರಿಕ್ ಆ್ಯಸಿಡ್ ಹಚ್ಚುತ್ತಿದ್ದರು. ಅದನ್ನೇ ಅವರು ಹಲ್ಲಿನ ಮೇಲೆ ಪ್ರಯತ್ನಿಸಿದರು. ಅಂಟು ಹಿಡಿಯಿತು. ಬಾಂಡಿಂಗ್ ಅನ್ನುವುದು ಶುರುವಾಗಿದ್ದೇ ಅಲ್ಲಿಂದ.

ಈಗ ನಾವು ಬಳಸುವುದು ಸುಮಾರು 37 ಪರ್ಸೆಂಟಿನ ಆ್ಯಸಿಡ್ ಜೆಲ್. ಬಹಳಷ್ಟು ಕಂಪನಿಗಳದ್ದು ನೀಲಿ ಬಣ್ಣ ಇರುತ್ತದೆ, ಎಲ್ಲಿ ಹಚ್ಚಿದೆವು ಅಂತ ಕಾಣಲಿ ಅಂತ. ಹದಿನೈದರಿಂದ ಮೂವತ್ತು ಸೆಕೆಂಡ್ ಇಟ್ಟು ನೀರು ಹೊಡೆದು ತೊಳೆದುಬಿಡುತ್ತೇವೆ. ಗಾಳಿ ಊದಿ ಒಣಗಿಸಿದಾಗ ಹೊಳೆಯುತ್ತಿದ್ದ ಜಾಗ ಸುಣ್ಣ ಬಳಿದ ಗೋಡೆಯ ಹಾಗೆ ಬಿಳುಚಿಕೊಂಡಿರುತ್ತದೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಎದ್ದಿವೆ ಅಂತ ಅರ್ಥ. ಅದರ ಆಳ ಕೂದಲಿನ ದಪ್ಪಕ್ಕಿಂತಲೂ ಕಡಿಮೆ. ಹಲ್ಲಿನ ಅಂಚಿನ ಹತ್ತಿರ ಎನಾಮೆಲ್ ಸುಮಾರು ಒಂದು ಮಿಲಿಮೀಟರ್ ದಪ್ಪ ಇರುತ್ತದೆ. ಹಾಗಾಗಿ ಸುಟ್ಟುಹೋಗುವ ಮಾತಿಲ್ಲ. ಈ ರಂಧ್ರಗಳ ಒಳಗೆ ತೆಳ್ಳಗಿನ ಅಂಟು ಇಳಿಯುತ್ತದೆ. ಅದಕ್ಕೆ ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುತ್ತೇವೆ. ಅದರ ಮೇಲೆ ಕಾಂಪೋಸಿಟ್ ಅನ್ನುವ ಹಲ್ಲಿನ ಬಣ್ಣದ ಮುದ್ದೆಯನ್ನು ಪದರ ಪದರವಾಗಿ ಇಡುತ್ತೇವೆ. ಒಂದು ಪದರ ಎರಡು ಮಿಲಿಮೀಟರ್ ದಾಟುವ ಹಾಗಿಲ್ಲ. ದಾಟಿದರೆ ಬೆಳಕು ಒಳಗೆ ಹೋಗಲ್ಲ, ತಳ ಹಸಿಯಾಗೇ ಉಳಿಯುತ್ತದೆ.

ಅಮ್ಮ ಯಾರಿಂದಲೋ ಆ್ಯಸಿಡ್ ಸುದ್ದಿ ಕೇಳಿ ಹೆದರಿರುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಜಾತ್ರೆ, ಸಂತೆಯಲ್ಲಿ ಕೂತು ‘ಒಂದೇ ನಿಮಿಷದಲ್ಲಿ ಕರೆ ತೆಗೀತೀವಿ’ ಅನ್ನುವವರು ಏನೋ ದ್ರಾವಣ ಸವರುತ್ತಾರೆ. ಅದು ನಿಜಕ್ಕೂ ಹಲ್ಲು ತಿನ್ನುತ್ತದೆ. ಆ ದಿನ ಬೆಳ್ಳಗೆ ಕಾಣುತ್ತದೆ. ಕೆಲವೇ ವಾರದಲ್ಲಿ ತಣ್ಣೀರು ತಾಗಿದರೆ ಜುಮ್ಮೆನ್ನಲು ಶುರುವಾಗುತ್ತದೆ. ಆ ಭಯ ಅಮ್ಮನಿಗೆ ಇರುವುದು ಒಳ್ಳೆಯದೇ. ಬಾಂಡಿಂಗಿನದು ಮಾತ್ರ ಬೇರೆ.

ನಿಮ್ಮ ಬಾಂಡಿಂಗ್ ಯಾಕೆ ಬಿದ್ದಿರಬಹುದು ಅನ್ನುವುದಕ್ಕೆ ಬರೋಣ.

ನಿಮ್ಮ ಹಲ್ಲಿನ ಕಂದು ಕರೆ ಕೊಳೆ ಅಲ್ಲ. ನೀವು ಸರಿಯಾಗಿ ಉಜ್ಜಲಿಲ್ಲ ಅನ್ನುವುದೂ ಅಲ್ಲ. ಪಾವಗಡ, ಬಾಗೇಪಲ್ಲಿ, ಕೋಲಾರ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಬಂಡೆಗಳಿಂದ ಕರಗಿದ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಒಪ್ಪಬಹುದು ಅನ್ನುತ್ತದೆ ಭಾರತೀಯ ಮಾನದಂಡ. ನಿಮ್ಮ ಎದುರಿನ ಹಲ್ಲುಗಳ ಎನಾಮೆಲ್ ತಯಾರಾಗಿದ್ದು ನೀವು ಹುಟ್ಟಿದ ಕೆಲವು ತಿಂಗಳಿಂದ ನಾಲ್ಕೈದು ವರ್ಷದ ಒಳಗೆ, ಇನ್ನೂ ದವಡೆಯ ಒಳಗಿರುವಾಗಲೇ. ಆಗ ಕುಡಿದ ನೀರು ಅದನ್ನು ಸರಿಯಾಗಿ ಗಟ್ಟಿಯಾಗಲು ಬಿಡಲಿಲ್ಲ. ಹಲ್ಲು ಹೊರಗೆ ಬರುವಾಗ ಸುಣ್ಣದ ಹಾಗೆ ಬಿಳಿ ಇರುತ್ತದೆ. ಆಮೇಲೆ ವರ್ಷಗಟ್ಟಲೆ ಬಣ್ಣ ಹೀರಿಕೊಂಡು ಕಂದಾಗುತ್ತದೆ. ಇಟ್ಟಿಗೆ ಪುಡಿ, ಇದ್ದಿಲು ಹಾಕಿ ಉಜ್ಜಿದರೆ ಇದು ಹೋಗುವುದಿಲ್ಲ, ಹಲ್ಲು ಸವೆಯುತ್ತದೆ ಅಷ್ಟೆ.

ಇಂಥ ಹಲ್ಲಿಗೆ ಒಂದು ವಿಚಿತ್ರ ಗುಣ ಇದೆ. ತೀರಾ ಮೇಲಿನ ಪದರ ಮಾಮೂಲಿ ಹಲ್ಲಿಗಿಂತ ಗಟ್ಟಿ, ಆ್ಯಸಿಡ್‌ಗೆ ಬೇಗ ಬಗ್ಗುವುದಿಲ್ಲ. ಅದರ ಕೆಳಗಿನದು ತೂತು ತೂತಾಗಿ ಸಡಿಲ. ಎಲ್ಲರಿಗೂ ಮಾಡುವ ಹಾಗೆ ಹದಿನೈದು ಸೆಕೆಂಡ್ ಜೆಲ್ ಇಟ್ಟರೆ ಕಚ್ಚು ಸರಿಯಾಗಿ ಬೀಳುವುದಿಲ್ಲ, ಹಿಡಿತ ಸಿಗುವುದಿಲ್ಲ. ಫ್ಲೋರೈಡ್ ಊರುಗಳಿಂದ ಬರುವವರಿಗೆ ನಾನು ಮೊದಲು ತಿರುಗುತ್ತ ಉಜ್ಜುವ ಸಣ್ಣ ಡೈಮಂಡ್ ಬರ್‌ನಿಂದ ಮೇಲಿನ ಪದರ ಸ್ವಲ್ಪ ಒರಟು ಮಾಡಿಕೊಳ್ಳುತ್ತೇನೆ. ಜೆಲ್ಲನ್ನೂ ಜಾಸ್ತಿ ಹೊತ್ತು ಇಡುತ್ತೇನೆ. ಸುಣ್ಣದ ಬಣ್ಣ ಎಲ್ಲ ಕಡೆ ಒಂದೇ ಸಮ ಬಂತಾ ಅಂತ ನೋಡದೆ ಮುಂದಕ್ಕೆ ಹೋಗುವುದಿಲ್ಲ. ನಿಮಗೆ ಹೀಗೆ ಮಾಡಿದ್ದರೋ ಇಲ್ಲವೋ ಪತ್ರದಿಂದ ತಿಳಿಯುವುದಿಲ್ಲ. ಈ ಸಲ ಡಾಕ್ಟರಿಗೆ ನೀವೇ ಹೇಳಿ: ನನ್ನದು ಫ್ಲೋರೈಡ್ ಹಲ್ಲು, ಹಿಂದೆ ಎರಡು ಸಲ ಬಿದ್ದಿದೆ ಅಂತ. ಕೇಳಿಸಿಕೊಳ್ಳುವ ಡಾಕ್ಟರ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಎರಡನೆಯ ಕಾರಣ ದಾರ. ನೀವು ದಾರವನ್ನು ಕತ್ತರಿಯಲ್ಲಿ ಕತ್ತರಿಸುತ್ತೀರಾ, ಹಲ್ಲಿನಲ್ಲಿ ಕಚ್ಚುತ್ತೀರಾ? ಗುಂಡುಸೂಜಿ ಎಲ್ಲಿ ಹಿಡಿದುಕೊಳ್ಳುತ್ತೀರಿ? ವರ್ಷಾನುಗಟ್ಟಲೆ ಹೊಲಿಗೆ ಮಾಡಿದವರ ಎದುರಿನ ಹಲ್ಲಿನ ಅಂಚಿನಲ್ಲಿ ಸಣ್ಣ ಕಚ್ಚು ಬಿದ್ದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬೆಳಕು ಹಿಡಿದು ನೋಡಿದರೆ ದಾರ ಕೂರುವ ಜಾಗ ಗೆರೆ ಎಳೆದ ಹಾಗೆ ಕಾಣುತ್ತದೆ. ಸ್ವಂತ ಹಲ್ಲನ್ನೇ ಸವೆಸುವ ದಾರ ಮೂಲೆಗೆ ಅಂಟಿಸಿದ ಕಾಂಪೋಸಿಟನ್ನು ಬಿಡುತ್ತದಾ? ದಾರ ಕಚ್ಚಿ ಎಳೆಯುವಾಗ ಭಾರವೆಲ್ಲ ಆ ಮೂಲೆಯ ಮೇಲೇ ಬೀಳುತ್ತದೆ. ದಿನಕ್ಕೆ ಐವತ್ತು ಸಲ ಹಾಗಾದರೆ ಎಂಟು ತಿಂಗಳು ಬಾಳಿದ್ದೇ ಜಾಸ್ತಿ. ನೀವು ಹಾಗೆ ಮಾಡುವುದಿಲ್ಲ ಅಂದರೆ ಈ ಮಾತು ಬಿಡಿ. ಮಾಡುತ್ತಿದ್ದರೆ ಮಷೀನಿಗೆ ಒಂದು ಸಣ್ಣ ಕತ್ತರಿ ಕಟ್ಟಿಟ್ಟುಕೊಳ್ಳಿ, ಇವತ್ತೇ. ಕೈಗೆ ಹೊಸ ರೂಢಿ ಬರಲು ಒಂದೆರಡು ತಿಂಗಳು ಬೇಕು, ಮೂಲೆ ಕಟ್ಟಿಸುವ ಹೊತ್ತಿಗೆ ಬಂದಿರಲಿ.

ಇನ್ನೂ ಕೆಲವು ಸಾಮಾನ್ಯ ಕಾರಣಗಳಿವೆ. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವುದು ಒಂದು. ಇದು ನಮಗೇ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗುವವರನ್ನು ಕೇಳಬೇಕು. ಕೆಳಗಿನ ಹಲ್ಲು ನೇರ ಆ ಮೂಲೆಗೇ ಬಡಿಯುವ ಹಾಗೆ ಮೇಲಿನ, ಕೆಳಗಿನ ಹಲ್ಲುಗಳು ಕೂಡುವುದು ಇನ್ನೊಂದು. ಮತ್ತೊಂದು, ಅಂಟು ಹಚ್ಚುವಾಗ ಒದ್ದೆ ಆಗಿರುವುದು. ಅಂಟಿಸುವ ಹೊತ್ತಿನಲ್ಲಿ ಒಂದು ಹನಿ ಜೊಲ್ಲು ತಾಗಿದರೂ ಸಾಕು, ವಸಡಿನಿಂದ ಚೂರು ರಕ್ತ ಜಿನುಗಿದರೂ ಸಾಕು, ಹಿಡಿತ ಕೆಡುತ್ತದೆ. ಅದಕ್ಕೇ ವಸಡು ಊದಿಕೊಂಡಿದ್ದರೆ ಮೊದಲು ಹಲ್ಲು ಕ್ಲೀನ್ ಮಾಡಿಸಿ, ಒಂದೆರಡು ವಾರ ಬಿಟ್ಟು ಬಾಂಡಿಂಗ್ ಮಾಡಬೇಕು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಅನ್ನುವ ಮಾತು ನಿಮ್ಮ ಮನೆಯಲ್ಲೂ ಬರುತ್ತದೆ, ಬಂದೇ ಬರುತ್ತದೆ. ಸಡಿಲ ಮಾಡುವುದು ಗಾರೆಯ ಹಾಗೆ ಕಟ್ಟಿಕೊಂಡ ಪಾಚಿ. ಅದು ವಸಡನ್ನೂ ಮೂಳೆಯನ್ನೂ ತಿಂದಿರುತ್ತದೆ. ತೆಗೆದಾಗ ಸಂದು ಕಾಣುತ್ತದೆ, ಅದಕ್ಕೆ ಹಾಗನಿಸುತ್ತದೆ.

ಇನ್ನೊಂದು ಮುಖ್ಯವಾದ ವಿಷಯ. ನಿಮ್ಮ ಹಲ್ಲು ಮುರಿದು ಹತ್ತು ವರ್ಷ ದಾಟಿದೆ. ಪೆಟ್ಟು ಬಿದ್ದ ಹಲ್ಲಿನ ನರ ನೋವೇ ಕೊಡದೆ ನಿಧಾನವಾಗಿ ಸತ್ತುಹೋಗಿರಬಹುದು. ಆ ಹಲ್ಲು ಪಕ್ಕದ್ದಕ್ಕಿಂತ ಬೂದು ಬಣ್ಣಕ್ಕೆ ತಿರುಗಿದೆಯಾ, ಹಗಲು ಬೆಳಕಿನಲ್ಲಿ ನೋಡಿಕೊಳ್ಳಿ. ಏನೂ ಕಾಣದಿದ್ದರೂ ಒಂದು ಎಕ್ಸ್‌ರೇ, ತಣ್ಣನೆಯದನ್ನು ಹಲ್ಲಿಗೆ ತಾಗಿಸಿ ನರಕ್ಕೆ ಜೀವ ಇದೆಯಾ ಅಂತ ನೋಡುವ ಒಂದು ಪರೀಕ್ಷೆ ಆಗಲೇಬೇಕು. ಬೇರಿನ ತುದಿಯಲ್ಲಿ ಕೀವು ಇದ್ದರೆ ಮೊದಲು ಬೇರು ಚಿಕಿತ್ಸೆ, ಆಮೇಲೆ ಅಂದ. ಈ ಪರೀಕ್ಷೆ ಮಾಡದೆ ಯಾರಾದರೂ ನೇರ ಬಾಂಡಿಂಗಿಗೋ ಕ್ಯಾಪಿಗೋ ಕೈ ಹಾಕಿದರೆ ಅಲ್ಲಿ ಮಾಡಿಸಿಕೊಳ್ಳಬೇಡಿ.

ನರ ಚೆನ್ನಾಗಿದೆ ಅಂತಿಟ್ಟುಕೊಳ್ಳೋಣ. ನನ್ನ ಬಳಿ ಬಂದಿದ್ದರೆ ಹಲ್ಲನ್ನು ಕಮ್ಮಿ ಮುಟ್ಟುವುದರಿಂದ ಶುರು ಮಾಡುತ್ತಿದ್ದೆ. ಮೊದಲು ಕ್ಲೀನಿಂಗ್. ಆಮೇಲೆ ಕರೆ ಇರುವ ಜಾಗಕ್ಕೆ ಮೈಕ್ರೊಅಬ್ರೇಶನ್. ಸೌಮ್ಯವಾದ ಆ್ಯಸಿಡ್ ಬೆರೆತ ನಯವಾದ ಪುಡಿಯಿಂದ ಮೇಲಿನ ಪದರವನ್ನು ಒಂದಿಷ್ಟೇ ಉಜ್ಜುವುದು ಅದು. ವಸಡಿಗೆ ತಾಗದ ಹಾಗೆ ರಬ್ಬರ್ ಶೀಟ್ ಹಾಕಿಕೊಂಡು ಮಾಡಬೇಕು. ಕರೆ ಮೇಲ್ಮೈಯಲ್ಲೇ ಇದ್ದರೆ ಒಂದೆರಡು ಸಲಕ್ಕೆ ಬಹಳ ಮಟ್ಟಿಗೆ ಹೋಗುತ್ತದೆ. ಆಳಕ್ಕೆ ಇಳಿದಿದ್ದರೆ ತಿಳಿಯಾಗುತ್ತದೆ, ಪೂರ್ತಿ ಹೋಗಲ್ಲ. ಉಳಿದದ್ದಕ್ಕೆ ಬ್ಲೀಚಿಂಗ್. ನಿಮ್ಮ ಹಲ್ಲಿನ ಅಳತೆಗೆ ತೆಳ್ಳಗಿನ ಅಚ್ಚು ಮಾಡಿಕೊಡುತ್ತಾರೆ. ಅದರಲ್ಲಿ ಹಲ್ಲು ಬೆಳ್ಳಗೆ ಮಾಡುವ ಜೆಲ್ ಹಾಕಿ ರಾತ್ರಿ ಎರಡು ಮೂರು ವಾರ ಹಾಕಿಕೊಳ್ಳುವುದು. ಆ ದಿನಗಳಲ್ಲಿ ತಣ್ಣಗಿನದು ಜುಮ್ಮೆನ್ನಬಹುದು. ಶುರುವಿನಲ್ಲಿ ಬಿಳಿ ಮಚ್ಚೆಗಳು ಮೊದಲಿಗಿಂತ ಎದ್ದು ಕಾಣಬಹುದು, ಗಾಬರಿ ಬೇಡ, ನಿಲ್ಲಿಸಿದ ಮೇಲೆ ತಗ್ಗುತ್ತವೆ.

ಬ್ಲೀಚಿಂಗ್ ಮುಗಿದ ದಿನವೇ ಬಾಂಡಿಂಗ್ ಮಾಡಲೇಬಾರದು. ಆ ಜೆಲ್ಲಿನಿಂದ ಹಲ್ಲಿನೊಳಗೆ ಉಳಿದ ಆಮ್ಲಜನಕ ಅಂಟನ್ನು ಗಟ್ಟಿಯಾಗಲು ಬಿಡುವುದಿಲ್ಲ. ಬಣ್ಣವೂ ಇನ್ನೂ ನಿಂತಿರುವುದಿಲ್ಲ. ಎರಡು ವಾರ ಬಿಡಬೇಕು. ಹಾಗೇ, ಬ್ಲೀಚಿಂಗ್ ಯಾವತ್ತೂ ಬಾಂಡಿಂಗಿಗೆ ಮೊದಲೇ ಆಗಬೇಕು. ಕಾಂಪೋಸಿಟ್ ಯಾವ ಜೆಲ್ಲಿಗೂ ಬೆಳ್ಳಗಾಗುವುದಿಲ್ಲ. ಉಲ್ಟಾ ಮಾಡಿದರೆ ಹಲ್ಲು ಬೆಳ್ಳಗಾಗಿ ಅಂಟಿಸಿದ ಮೂಲೆ ಹಳದಿಯಾಗೇ ಉಳಿಯುತ್ತದೆ.

ಆಮೇಲೆ ಮೂಲೆ ಕಟ್ಟುವ ಕೆಲಸ. ಬಣ್ಣ ಆರಿಸುವುದನ್ನು ಕುರ್ಚಿಯಲ್ಲಿ ಕೂತ ತಕ್ಷಣ, ಹಲ್ಲು ಒದ್ದೆ ಇರುವಾಗಲೇ ಮಾಡಬೇಕು. ಹತ್ತು ನಿಮಿಷ ಬಾಯಿ ತೆರೆದಿಟ್ಟರೆ ಹಲ್ಲು ಒಣಗಿ ಬೆಳ್ಳಗೆ ಕಾಣುತ್ತದೆ. ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೇ ಈ ತಪ್ಪು ಮಾಡಿದ್ದೇನೆ. ಮರುದಿನ ಆ ಹುಡುಗ ಬಂದಾಗ ಅಂಟಿಸಿದ ಮೂಲೆ ತೇಪೆಯ ಹಾಗೆ ಬೆಳ್ಳಗೆ ಎದ್ದು ಕಾಣುತ್ತಿತ್ತು. ಪೂರ್ತಿ ತೆಗೆದು ಮತ್ತೆ ಮಾಡಿಕೊಟ್ಟೆ. ಅಂದಿನಿಂದ ಬಣ್ಣದ ಪಟ್ಟಿ ಹಿಡಿದು ಕಿಟಕಿ ಹತ್ತಿರ ನೋಡಿದ ಮೇಲೆಯೇ ಬೇರೆ ಕೆಲಸ. ಹಾಗೇ ಆ್ಯಸಿಡ್, ಅಂಟು ಯಾವುದೂ ಹಚ್ಚದೆ ಸುಮ್ನೆ ಕಾಂಪೋಸಿಟ್ ಇಟ್ಟು ಆಕಾರ ತೋರಿಸಿ ಅಂತ ನೀವು ಕೇಳಬಹುದು. ಚೆನ್ನಾಗಿ ಕಂಡರೆ ಮುಂದುವರಿಯುವುದು, ಇಲ್ಲದಿದ್ದರೆ ಉಗುರಿನಲ್ಲೇ ಕಿತ್ತು ಬರುತ್ತದೆ. ಹಲ್ಲಿಗೇನೂ ಆಗಿರುವುದಿಲ್ಲ.

ಮುರಿದ ಅಂಚನ್ನು ಇಳಿಜಾರಾಗಿ ತೀಡಿಕೊಂಡು ಕಟ್ಟಿದರೆ ಹಿಡಿತಕ್ಕೆ ಜಾಗ ಜಾಸ್ತಿ ಸಿಗುತ್ತದೆ, ಜೋಡಣೆಯ ಗೆರೆಯೂ ಕಾಣುವುದಿಲ್ಲ. ಒಳಗಿನ ಪದರಕ್ಕೆ ಗಾಢ ಬಣ್ಣ, ಅಂಚಿಗೆ ಸ್ವಲ್ಪ ಬೆಳಕು ದಾಟುವ ಬಣ್ಣ. ಇದೆಲ್ಲ ಒಂದು ಹಲ್ಲಿಗೇ ಒಂದು ಗಂಟೆ ಹಿಡಿಯುವ ಕೆಲಸ. ಹದಿನೈದು ನಿಮಿಷದಲ್ಲಿ ಮುಗಿಸಿ ಕಳಿಸುತ್ತಾರೆ ಅಂದರೆ ಯಾವುದೋ ಒಂದು ಹಂತ ಬಿಟ್ಟಿದ್ದಾರೆ ಅಂತಲೇ ನಾನು ತಿಳಿಯುತ್ತೇನೆ. ಯಾವ ಕಂಪನಿಯ ಕಾಂಪೋಸಿಟ್ ಅನ್ನುವುದಕ್ಕಿಂತ ಈ ಒಂದು ಗಂಟೆ ಮುಖ್ಯ. ಮುಗಿದ ಮೇಲೆ ಕನ್ನಡಿ ಕೊಟ್ಟರೆ ಬಹಳ ಜನ ಕನ್ನಡಿ ನೋಡುವ ಮೊದಲೇ ನಾಲಿಗೆಯಿಂದ ಆ ಮೂಲೆ ಸವರುತ್ತಾರೆ. ಅದು ಸರಿಯಾದ ಪರೀಕ್ಷೆ. ನಾಲಿಗೆಗೆ ಮೆಟ್ಟಿಲು ಸಿಕ್ಕರೆ ಅಲ್ಲೇ ಹೇಳಿ, ಪಾಲಿಶ್ ಮಾಡಿಸಿಕೊಂಡೇ ಏಳಿ. ಮೆಟ್ಟಿಲು ಉಳಿದ ಜಾಗದಲ್ಲಿ ಕೊಳೆ ಕೂತು ಕಪ್ಪು ಗೆರೆ ಬರುತ್ತದೆ, ವಸಡಿನ ಹತ್ತಿರ ಇದ್ದರೆ ವಸಡು ಊದುತ್ತದೆ.

ಇಷ್ಟೆಲ್ಲ ಆದಮೇಲೂ ಕರೆ ಕಾಣುತ್ತಿದೆ ಅಂದರೆ ಅತಿ ಜಾಸ್ತಿ ಇರುವ ಎರಡು ಹಲ್ಲಿನ ಎದುರು ಭಾಗಕ್ಕೆ ಮಾತ್ರ ಕಾಂಪೋಸಿಟಿನ ತೆಳು ಪದರ ಕೊಡಬಹುದು. ಗಾಢ ಕಂದನ್ನು ತೆಳು ಪದರ ಪೂರ್ತಿ ಮುಚ್ಚುವುದಿಲ್ಲ, ದಪ್ಪ ಮಾಡಿದರೆ ಹಲ್ಲು ಉಬ್ಬಿದ ಹಾಗೆ ಕಾಣುತ್ತದೆ. ಆಗ ವಿನೀರ್ ಯೋಚಿಸಬಹುದು. ಪಿಂಗಾಣಿಯ ತೆಳ್ಳಗಿನ ಹೊದಿಕೆ ಅದು, ಹಲ್ಲಿನ ಎದುರು ಭಾಗವನ್ನು ಅರ್ಧ ಮಿಲಿಮೀಟರಿನ ಆಸುಪಾಸು ಉಜ್ಜಿದರೆ ಸಾಕು. ಕ್ಯಾಪಿನಷ್ಟು ಹಲ್ಲು ಹೋಗುವುದಿಲ್ಲ, ಕಾಂಪೋಸಿಟಿಗಿಂತ ಹೆಚ್ಚು ವರ್ಷ ಬಾಳುತ್ತದೆ, ಬಣ್ಣ ಕೆಡುವುದಿಲ್ಲ. ಆದರೆ ಖರ್ಚು ಬಾಂಡಿಂಗಿನ ಹಲವು ಪಟ್ಟು. ಒಡೆದರೆ ಪೂರ್ತಿ ಹೊಸದೇ ಬೇಕು. ಇದನ್ನು ಮದುವೆಯ ಅವಸರದಲ್ಲಿ ತೀರ್ಮಾನಿಸಬೇಡಿ. ಈಗ ಬಾಂಡಿಂಗ್ ಮಾಡಿಸಿಕೊಂಡರೂ ಐದು ವರ್ಷ ಬಿಟ್ಟು ವಿನೀರಿಗೆ ಹೋಗಬಹುದು. ಕ್ಯಾಪ್ ಹಾಕಿಸಿದ ಮೇಲೆ ಬಾಂಡಿಂಗಿಗೆ ಮರಳಲು ಆಗುವುದಿಲ್ಲ.

ಬಾಂಡಿಂಗಿನ ಕೊರತೆಗಳನ್ನೂ ಮುಚ್ಚಿಡುವುದಿಲ್ಲ. ಚೆನ್ನಾಗಿ ಮಾಡಿದ್ದು ಸಾಮಾನ್ಯವಾಗಿ ಐದರಿಂದ ಎಂಟು ವರ್ಷ ಬಾಳುತ್ತದೆ. ಅಂಚು ಚಕ್ಕೆ ಏಳಬಹುದು. ಕಾಫಿ, ಟೀ, ಅರಿಸಿನ, ಎಲೆ ಅಡಿಕೆ ಬಣ್ಣ ಹಿಡಿಯುತ್ತವೆ. ಮೊದಲ ಎರಡು ದಿನ ಇವುಗಳಿಂದ ದೂರ ಇದ್ದರೆ ಒಳ್ಳೆಯದು. ಬಾಯಿ ಮುಕ್ಕಳಿಸಲು ಕ್ಲೋರ್‌ಹೆಕ್ಸಿಡಿನ್ ಇರುವ ಔಷಧಿಯನ್ನು ವಾರಗಟ್ಟಲೆ ಬಳಸಿದರೂ ಕಂದು ಕರೆ ಬರುತ್ತದೆ, ಡಾಕ್ಟರ್ ಹೇಳಿದಷ್ಟೇ ದಿನ ಬಳಸಿ. ಸಂಕ್ರಾಂತಿಯ ಕಬ್ಬು, ಸಕ್ಕರೆ ಅಚ್ಚು, ಗಟ್ಟಿ ಕೊಬ್ಬರಿ, ನಿಪ್ಪಟ್ಟು ಎಲ್ಲ ತಿನ್ನಿ, ಮುರಿದುಕೊಂಡು ದವಡೆ ಹಲ್ಲಿನಲ್ಲಿ ತಿನ್ನಿ. ವರ್ಷಕ್ಕೊಮ್ಮೆ ಪಾಲಿಶ್ ಮಾಡಿಸಿ. ಚಕ್ಕೆ ಎದ್ದರೆ ಆ ಜಾಗಕ್ಕೆ ಮಾತ್ರ ಮತ್ತೆ ಹಚ್ಚಬಹುದು, ಪೂರ್ತಿ ತೆಗೆಯಬೇಕಿಲ್ಲ. ಒಂದು ವೇಳೆ ಬಿದ್ದೇಹೋದರೆ ಮನೆಯಲ್ಲಿ ಅಂಗಡಿಯ ಗಟ್ಟಿ ಅಂಟು ಹಾಕಿ ಕೂರಿಸಬೇಡಿ. ಅಂಥದ್ದನ್ನು ಕೆರೆದು ತೆಗೆಯುವಾಗ ಒಳ್ಳೆಯ ಹಲ್ಲೂ ಹೋಗುವುದನ್ನು ನೋಡಿ ನನಗೆ ಬಹಳ ಸಂಕಟ ಆಗಿದೆ.

ಖರ್ಚಿನ ಚಿಂತೆ ಇದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಹಲ್ಲು ಉಳಿಸುವ ವಿಭಾಗ ಎಲ್ಲಿ ಅಂತ ಕೇಳಿಕೊಂಡು ಹೋಗಿ. ಓಡಾಟ, ಕಾಯುವುದು ಇರುತ್ತದೆ. ಆದರೆ ಫ್ಲೋರೈಡ್ ಹಲ್ಲು ಅಲ್ಲಿನವರಿಗೆ ಹೊಸದಲ್ಲ. ಹತ್ತಿರದಲ್ಲೇ ಮಾಡಿಸುವುದಾದರೆ ರಾಜ್ಯ ದಂತ ವೈದ್ಯ ಮಂಡಳಿಯ ನೋಂದಣಿ ಇರುವವರ ಹತ್ತಿರ ಮಾಡಿಸಿ, ಹಲ್ಲೊಂದಕ್ಕೆ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ.

ನೀರಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು ಅನಿಸುತ್ತಿದೆ. ಈಗ ನೀವು ಯಾವ ನೀರು ಕುಡಿದರೂ ನಿಮ್ಮ ಹಲ್ಲಿನ ಕರೆ ಹೆಚ್ಚೂ ಆಗಲ್ಲ, ಕಮ್ಮಿಯೂ ಆಗಲ್ಲ. ಮುಂದೆ ಮಗು ಆದಾಗ, ಅದರ ಮೊದಲ ಎಂಟು ವರ್ಷ ಕುಡಿಯುವ ನೀರು ಮತ್ತು ಅಡುಗೆ ನೀರು ಎರಡೂ ಶುದ್ಧೀಕರಣ ಘಟಕದ್ದೇ ಆಗಿರಲಿ. ಬೋರ್ ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನೂ ದಟ್ಟವಾಗುತ್ತದೆ.

ಇನ್ನು ನಿಮ್ಮ ಮೂರೂವರೆ ತಿಂಗಳ ಲೆಕ್ಕ. ಈ ವಾರವೇ ಎಕ್ಸ್‌ರೇ, ಕ್ಲೀನಿಂಗ್. ಅದಾದ ಎರಡು ವಾರಕ್ಕೆ ಮೈಕ್ರೊಅಬ್ರೇಶನ್, ಆಮೇಲೆ ಮೂರು ವಾರ ಬ್ಲೀಚಿಂಗ್, ಎರಡು ವಾರ ವಿರಾಮ. ಎಂಟು ಒಂಬತ್ತನೇ ವಾರದ ಹೊತ್ತಿಗೆ ಮೂಲೆ ಕಟ್ಟಿಸಬಹುದು. ಅಲ್ಲಿಂದ ಮದುವೆಗೆ ಇನ್ನೂ ಒಂದು ತಿಂಗಳ ಮೇಲೆ ಇರುತ್ತದೆ. ಆ ತಿಂಗಳು ಮಾಮೂಲಿನಂತೆ ಊಟ ಮಾಡಿ, ಹೊಲಿಗೆ ಮಾಡಿ. ಎಲ್ಲಾದರೂ ಎತ್ತರ ಅನಿಸಿದರೆ, ಕೆಳಗಿನ ಹಲ್ಲಿಗೆ ಮೊದಲು ಅದೇ ತಾಗುತ್ತಿದೆ ಅನಿಸಿದರೆ, ಮದುವೆ ಮುಗಿಯಲಿ ಅಂತ ಕಾಯಬೇಡಿ. ಐದು ನಿಮಿಷ ತೀಡಿದರೆ ಸರಿಹೋಗುತ್ತದೆ.